ಬಾಟಲಿ, ಹೆಬ್ಬೆರಳು, ಒದ್ದೆ ಹಾಸಿಗೆ: ಮೊದಲು ಬಿಡಿಸಬೇಕಾದದ್ದು ಯಾವುದು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಗಳಿಗೆ ಮೂರೂವರೆ ವರ್ಷ, ರಾತ್ರಿ ಬಾಟಲಿ ಹಾಲಿಲ್ಲದೆ ನಿದ್ದೆ ಹತ್ತುವುದಿಲ್ಲ, ಹಗಲಿನಲ್ಲಿ ಹೆಬ್ಬೆರಳು ಬಾಯಿಂದ ಆಚೆ ಬರುವುದಿಲ್ಲ, ಆರು ತಿಂಗಳ ಹಿಂದೆ ತಮ್ಮ ಹುಟ್ಟಿದ ಮೇಲೆ ನಿಂತೇ ಹೋಗಿದ್ದ ಹಾಸಿಗೆ ಒದ್ದೆ ಮಾಡುವ ರೂಢಿಯೂ ಮರಳಿದೆ ಎಂದು ಬರೆದಿದ್ದೀರಿ. ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿಸುವ ಮೊದಲು ಈ ಮೂರನ್ನೂ ಒಟ್ಟಿಗೆ ಬಿಡಿಸಬಹುದೇ, ಅತ್ತೆಯವರು ಹೇಳುವಂತೆ ಬೆರಳಿಗೆ ಬೇವಿನೆಣ್ಣೆ ಹಚ್ಚಬಹುದೇ ಎಂಬುದು ನಿಮ್ಮ ಪ್ರಶ್ನೆ. ನಾನು ವೈದ್ಯೆಯಲ್ಲ. ತುಮಕೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಾ ಇಬ್ಬರು ಮಕ್ಕಳನ್ನು ಬೆಳೆಸಿದವಳು. ಮಗನ ವಿಷಯದಲ್ಲಿ ಮಾಡಿದ ತಪ್ಪನ್ನು ಮಗಳ ವಿಷಯದಲ್ಲಿ ತಿದ್ದಿಕೊಂಡವಳು ಎಂಬ ಅಧಿಕಾರದಿಂದ ಮಾತ್ರ ಬರೆಯುತ್ತಿದ್ದೇನೆ.

ಮೂರನ್ನೂ ಒಟ್ಟಿಗೆ ಬಿಡಿಸಲು ಹೋಗಬೇಡಿ. ಮೊದಲು ಬಾಟಲಿ, ಅದು ಪೂರ್ತಿ ಮರೆತುಹೋದ ಮೇಲೆ ಹೆಬ್ಬೆರಳು. ಹಾಸಿಗೆಯ ವಿಷಯವನ್ನು ಸದ್ಯಕ್ಕೆ ಮಗುವಿನ ಮುಂದೆ ಎತ್ತಲೇಬೇಡಿ. ಈ ಕ್ರಮಕ್ಕೆ ಕಾರಣವಿದೆ. ಬಾಟಲಿಯಿಂದ ಆಗುವ ಹಾನಿ ಇವತ್ತೇ ಆಗುತ್ತಿರುತ್ತದೆ, ಹೆಬ್ಬೆರಳಿನಿಂದ ಆಗುವ ಹಾನಿಗೆ ಇನ್ನೂ ಒಂದೆರಡು ವರ್ಷದ ಗಡುವಿದೆ, ಹಾಸಿಗೆ ಒದ್ದೆಯಾಗುವುದಂತೂ ಮಗುವಿನ ಕೈಯಲ್ಲಿರುವ ಸಂಗತಿಯೇ ಅಲ್ಲ.

ಬಾಟಲಿಯ ಬಗ್ಗೆ ನನ್ನ ಕಥೆಯನ್ನೇ ಹೇಳುತ್ತೇನೆ. ಮಗ ಕೈಗೂಸಾಗಿದ್ದಾಗ ನಮ್ಮ ಅತ್ತೆ ಊರಿನಿಂದ ಒಂದು ಒಳಲೆಯನ್ನು (ಕೂಸಿಗೆ ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಬಟ್ಟಲು) ತಂದುಕೊಟ್ಟು, ಹಾಲನ್ನು ಇದರಲ್ಲೇ ಹಾಕು, ಬಾಟಲಿ ಯಾಕೆ ಎಂದಿದ್ದರು. ನಾನು ನಕ್ಕು ಅದನ್ನು ಅಟ್ಟಕ್ಕೆ ಸೇರಿಸಿದೆ. ಮಕ್ಕಳ ವೈದ್ಯರು ಹೇಳುವುದೂ ಅದನ್ನೇ ಎಂದು, ಹಾಲು ಕುಡಿಸುವ ಬಾಟಲಿಗಳ ಜಾಹೀರಾತನ್ನೇ ನಿಷೇಧಿಸುವ ಕಾನೂನು ನಮ್ಮ ದೇಶದಲ್ಲಿ 1992ರಿಂದ ಇದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಕೆಲಸದಿಂದ ದಣಿದು ಬಂದವಳಿಗೆ ರಾತ್ರಿ ಮಗುವಿನ ಕೈಗೆ ಬಾಟಲಿ ಕೊಟ್ಟರೆ ಹತ್ತು ನಿಮಿಷದಲ್ಲಿ ನಿದ್ದೆ ಹೋಗುತ್ತಾನೆ ಎಂಬುದಷ್ಟೇ ಮುಖ್ಯವಾಗಿತ್ತು. ಎರಡೂಮುಕ್ಕಾಲು ವರ್ಷವಾದಾಗ ಒಂದು ಬೆಳಗ್ಗೆ ಹಲ್ಲುಜ್ಜಿಸುವಾಗ ಮೇಲಿನ ಮುಂದಿನ ಹಲ್ಲುಗಳ ಬುಡದಲ್ಲಿ, ವಸಡಿಗೆ ತಾಗಿದಂತೆ, ಸುಣ್ಣದ ಗೆರೆಯಂತಹ ಬಿಳುಪು ಕಂಡಿತು. ಹಾಲಿನ ಕಲೆಯಿರಬೇಕೆಂದು ಬೆರಳಿನಿಂದ ಉಜ್ಜಿ ನೋಡಿದೆ, ಹೋಗಲಿಲ್ಲ. ಮೂರು ತಿಂಗಳಲ್ಲಿ ಅದು ಕಂದಾಗಿ, ಒಂದು ಹಲ್ಲಿನ ಅಂಚು ಚೂರಾಗಿ ಉದುರಿತು. ದಂತವೈದ್ಯರು ಬಾಯಿ ತೆರೆಸಿದ ಕೂಡಲೇ, ರಾತ್ರಿ ಬಾಟಲಿ ಕೊಡುತ್ತೀರಲ್ಲವೇ ಎಂದು ಕೇಳಿದರು.

ಅವರು ವಿವರಿಸಿದ್ದು ಹೀಗೆ. ಎಚ್ಚರವಿದ್ದಾಗ ಬಾಯಲ್ಲಿ ಊರುವ ಜೊಲ್ಲು ಹಲ್ಲಿಗೆ ಅಂಟಿದ ಹಾಲನ್ನು ತೊಳೆಯುತ್ತಿರುತ್ತದೆ. ನಿದ್ದೆಯಲ್ಲಿ ಜೊಲ್ಲು ಊರುವುದು ಬಹಳ ಕಡಿಮೆಯಾಗುವುದರಿಂದ ಬಾಟಲಿ ಕಚ್ಚಿಕೊಂಡೇ ಮಲಗಿದ ಮಗುವಿನ ಮೇಲಿನ ಹಲ್ಲುಗಳು ರಾತ್ರಿಯಿಡೀ ಹಾಲಿನ ಸಕ್ಕರೆಯಲ್ಲಿ ನೆನೆಯುತ್ತವೆ, ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲವಾಗಿಸುತ್ತವೆ. ಕೆಳಗಿನ ಮುಂದಿನ ಹಲ್ಲುಗಳನ್ನು ನಾಲಿಗೆ ಮುಚ್ಚಿಕೊಂಡಿರುವುದರಿಂದ ಅವು ಉಳಿದುಕೊಳ್ಳುತ್ತವೆ. ಮೇಲೆ ಹುಳುಕು, ಕೆಳಗೆ ಮುತ್ತಿನಂತಹ ಹಲ್ಲು ಎಂಬ ವಿಚಿತ್ರ ನೋಟಕ್ಕೆ ಇದೇ ಕಾರಣ. ಹಾಲುಹಲ್ಲು ಹೇಗಿದ್ದರೂ ಬಿದ್ದುಹೋಗುತ್ತದೆ ಎಂದು ನಮ್ಮ ಬಂಧುಗಳು ಸಮಾಧಾನ ಹೇಳಿದರು. ಆದರೆ ಆ ಜಾಗಕ್ಕೆ ಹೊಸ ಹಲ್ಲು ಬರುವುದು ಏಳು ಎಂಟು ವರ್ಷಕ್ಕೆ. ಒಂದು ಹಲ್ಲನ್ನು ತೆಗೆಸಬೇಕಾಗಿ ಬಂದ ನನ್ನ ಮಗ ಅಲ್ಲಿಯವರೆಗಿನ ಎಲ್ಲ ಫೋಟೋಗಳಲ್ಲೂ ಬಾಯಿ ಮುಚ್ಚಿಕೊಂಡೇ ನಿಂತಿದ್ದಾನೆ. ನಿಮ್ಮ ಮಗಳ ಮೇಲ್ದುಟಿಯನ್ನು ಎತ್ತಿ ಬೆಳಕಿನಲ್ಲಿ ಇವತ್ತೇ ಒಮ್ಮೆ ನೋಡಿ. ಬಿಳಿ ಗೆರೆಯಿದ್ದರೆ ಜೂನ್‌ವರೆಗೆ ಕಾಯದೆ ದಂತವೈದ್ಯರಿಗೆ ತೋರಿಸಿ, ಏಕೆಂದರೆ ಆ ಹಂತದಲ್ಲಿ ಹುಳುಕನ್ನು ತಡೆಯಲು ಸಾಧ್ಯವಿದೆ.

ಬಿಡಿಸುವುದು ಹೇಗೆ? ಒಂದು ದಿನ ಬಾಟಲಿಯನ್ನು ಕಾಗೆ ಎತ್ತಿಕೊಂಡು ಹೋಯಿತು ಎಂದು ಹೇಳುವ ಪದ್ಧತಿ ನಮ್ಮಲ್ಲಿದೆ. ಕೆಲವು ಮಕ್ಕಳು ಅದನ್ನು ಒಪ್ಪಿಕೊಂಡು ಎರಡು ದಿನ ಅತ್ತು ಸುಮ್ಮನಾಗುವುದೂ ಉಂಟು. ನನ್ನ ಮಗ ಎರಡು ರಾತ್ರಿ ಒಂದು ಗಂಟೆಯವರೆಗೆ ಅತ್ತು, ಮೂರನೆಯ ದಿನದಿಂದ ಕಾಗೆ ಕೂಗಿದರೆ ಹೆದರತೊಡಗಿದ. ಆಗ ನಾನು ಸೋತು ಬಾಟಲಿಯನ್ನು ಹಿಂದಕ್ಕೆ ಕೊಟ್ಟೆ. ಬಾಟಲಿಯಿಂದ ಮಗುವಿಗೆ ಬೇಕಾಗಿರುವುದು ಹಾಲಲ್ಲ, ಮಲಗುವ ದಾರಿ. ಆ ವಯಸ್ಸಿನ ಮಗುವಿಗೆ ದಿನಕ್ಕೆ ಅರ್ಧ ಲೀಟರಿನೊಳಗೆ ಹಾಲು ಸಾಕು, ಅದಕ್ಕಿಂತ ಹೆಚ್ಚಾದರೆ ಊಟ ಸೇರದೆ ಕಬ್ಬಿಣದ ಕೊರತೆಯಾಗುವ ಸಂಭವವೂ ಇದೆ. ಹಾಗಾಗಿ ಬಾಟಲಿಯನ್ನು ಕಿತ್ತುಕೊಳ್ಳುವ ಮೊದಲು ಮಲಗುವುದಕ್ಕೆ ಬೇರೊಂದು ದಾರಿಯನ್ನು ಮಾಡಿಕೊಡಬೇಕು.

ಎರಡನೆಯ ಸಲ ಹೀಗೆ ಮಾಡಿದೆ. ನಾಮಕರಣದಲ್ಲಿ ಸೋದರಮಾವ ಕೊಟ್ಟ ಪುಟ್ಟ ಬೆಳ್ಳಿ ಲೋಟ ಎಲ್ಲರ ಮನೆಯಲ್ಲೂ ಇರುವಂತೆ ನಮ್ಮ ಮನೆಯ ಬೀರುವಿನಲ್ಲೂ ಬಟ್ಟೆ ಸುತ್ತಿಕೊಂಡು ಕೂತಿತ್ತು. ಅದನ್ನು ತೆಗೆದು, ಹುಣಸೆಹಣ್ಣಿನಿಂದ ಬೆಳಗಿ, ಊಟವಾದ ಕೂಡಲೇ ಅಡುಗೆಮನೆಯಲ್ಲೇ ಕೂರಿಸಿ ಅದರಲ್ಲಿ ಹಾಲು ಕೊಡಲಾರಂಭಿಸಿದೆ. ಆಮೇಲೆ ಹಲ್ಲುಜ್ಜುವುದು, ಆಮೇಲೆ ಹಾಸಿಗೆ, ಆಮೇಲೆ ದೀಪ ಆರಿಸಿ ಕಾಗಕ್ಕ ಗುಬ್ಬಕ್ಕನ ಕಥೆ. ಈ ಕ್ರಮವನ್ನು ಬಾಟಲಿ ಇರುವಾಗಲೇ ಎರಡು ವಾರ ನಡೆಸಿದೆ. ಅದು ರೂಢಿಯಾದ ಮೇಲೆ ಬಾಟಲಿಯ ಹಾಲನ್ನು ಮೂರು ರಾತ್ರಿಗೊಮ್ಮೆ 30 ಮಿ.ಲೀ.ಯಂತೆ ಇಳಿಸುತ್ತಾ ಬಂದೆ. ಬಾಟಲಿಯ ಮೇಲಿನ ಗೆರೆಗಳು ಇದಕ್ಕೆ ಅನುಕೂಲವಾಗಿಯೇ ಇರುತ್ತವೆ. 180ರಿಂದ 120ರವರೆಗೆ ಅವನಿಗೆ ಗೊತ್ತಾಗಲಿಲ್ಲ. 90ಕ್ಕೆ ಇಳಿದ ರಾತ್ರಿ ಬಾಟಲಿಯನ್ನು ಎತ್ತಿ ದೀಪಕ್ಕೆ ಹಿಡಿದು ನೋಡಿ, ಅಲ್ಲಾಡಿಸಿ, ಅಮ್ಮಾ ಇದು ತೂತಾಗಿದೆ ಎಂದ. ನಾನು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಇಷ್ಟೇ ಹಾಲು ಇರುವುದು, ಬಾಕಿಯದನ್ನು ಬೆಳ್ಳಿ ಲೋಟದಲ್ಲಿ ಕುಡಿದಾಗಿದೆ ಎಂದೆ. ಸ್ವಲ್ಪ ಗೊಣಗಿ ಮಲಗಿದ. ಕೊನೆಯ ವಾರ ಬಾಟಲಿಯಲ್ಲಿ ಬರೀ ನೀರು. ನೀರಿನ ಬಾಟಲಿಗಾಗಿ ಯಾವ ಮಗುವೂ ಬಹಳ ದಿನ ಹಠ ಮಾಡುವುದಿಲ್ಲ. ಒಟ್ಟು ಐದಾರು ವಾರ ಹಿಡಿಯಿತು. ಮನೆಯಲ್ಲಿರುವ ಎಲ್ಲ ಬಾಟಲಿಗಳನ್ನೂ ಆ ಬಳಿಕ ಕಣ್ಣಿಗೆ ಬೀಳದಂತೆ ತೆಗೆದುಬಿಡಿ. ನಿಮ್ಮ ಚಿಕ್ಕ ಮಗುವಿಗೂ ಬಾಟಲಿ ಇದ್ದರೆ ಇದು ಕಷ್ಟವಾಗುತ್ತದೆ. ಆರು ತಿಂಗಳು ತುಂಬಿರುವುದರಿಂದ ಅವನಿಗೆ ಎದೆಹಾಲಿನ ಜೊತೆಗೆ ಕೊಡುವ ನೀರನ್ನಾಗಲಿ ಮೇಲುಹಾಲನ್ನಾಗಲಿ ಒಳಲೆಯಲ್ಲೋ ಲೋಟ ಚಮಚದಲ್ಲೋ ಕೊಡುವ ರೂಢಿ ಮಾಡಿದರೆ ಇಬ್ಬರ ಸಮಸ್ಯೆಯೂ ಒಟ್ಟಿಗೆ ತೀರುತ್ತದೆ.

ಇನ್ನು ಹೆಬ್ಬೆರಳು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನನ್ನ ಮಗಳನ್ನು ನೋಡಿ ಒಬ್ಬರು ಹೇಳಿದ್ದರು. ಬೆರಳು ಚೀಪುವುದು ಹುಟ್ಟುವ ಮೊದಲೇ, ಗರ್ಭದಲ್ಲಿಯೇ ಆರಂಭವಾಗುತ್ತದೆ ಎಂಬುದು ಸ್ಕ್ಯಾನಿಂಗ್‌ನಲ್ಲಿ ಕಾಣುವ ಸತ್ಯ. ಆದರೆ ಸುಡದಿದ್ದರೂ ಅದು ಹೋಗುತ್ತದೆ. ಹೆಚ್ಚಿನ ಮಕ್ಕಳು ಎರಡರಿಂದ ನಾಲ್ಕು ವರ್ಷದೊಳಗೆ ತಾವಾಗಿಯೇ ಬಿಡುತ್ತಾರೆ. ನಾಲ್ಕು ದಾಟಿದ ಮೇಲೂ ದಿನದ ಹೆಚ್ಚಿನ ಹೊತ್ತು ಜೋರಾಗಿ ಚೀಪುತ್ತಿದ್ದರೆ ಮೇಲಿನ ಹಲ್ಲುಗಳು ಮುಂದಕ್ಕೆ ಬಾಗಿ, ಕಚ್ಚಿದಾಗ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಸಂದು ಉಳಿಯುತ್ತದೆ. ಶಾಶ್ವತ ಹಲ್ಲು ಬರುವ ಮೊದಲೇ ನಿಂತರೆ ಅದು ಬಹುಮಟ್ಟಿಗೆ ಸರಿಹೋಗುತ್ತದೆ. ಆದ್ದರಿಂದ ನಿಮಗೆ ಸಮಯವಿದೆ.

ಬೇವಿನೆಣ್ಣೆಯನ್ನು ಮಾತ್ರ ದಯವಿಟ್ಟು ಹಚ್ಚಬೇಡಿ. ಬೇವಿನೆಣ್ಣೆ ಹೊಟ್ಟೆಗೆ ಹೋದ ಚಿಕ್ಕ ಮಕ್ಕಳಿಗೆ ವಾಂತಿ, ಮಂಪರು, ಫಿಟ್ಸ್ ಬಂದ ಪ್ರಕರಣಗಳು ನಮ್ಮ ದೇಶದಲ್ಲೇ ವೈದ್ಯರಿಂದ ದಾಖಲಾಗಿವೆ. ಹಚ್ಚುವುದು ಒಂದು ಹನಿಯಾದರೂ ಚೀಪುವ ಬೆರಳಿಗೆ ದಿನವೂ ಹಚ್ಚಿದರೆ ಅದು ಹೊಟ್ಟೆಗೇ ಹೋಗುತ್ತದೆ. ಮೆಣಸಿನಪುಡಿಯಂತೂ ಅದೇ ಕೈಯಿಂದ ಮಗು ಕಣ್ಣುಜ್ಜಿಕೊಳ್ಳುವವರೆಗೆ ಮಾತ್ರ ತಮಾಷೆ. ಅತ್ತೆಯವರಿಗೆ ಇದನ್ನು ವಾದವಾಗಿ ಹೇಳಬೇಡಿ. ಮಕ್ಕಳ ವೈದ್ಯರ ಬಳಿ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಅವರೇ ಕೇಳಲಿ. ಸೊಸೆಯ ಬಾಯಿಂದ ಬಂದಾಗ ಧಿಮಾಕೆನಿಸುವ ಮಾತು ಡಾಕ್ಟರ ಬಾಯಿಂದ ಬಂದಾಗ ಬುದ್ಧಿಮಾತಾಗುತ್ತದೆ.

ಒಂದು ವಾರ ಏನೂ ಹೇಳದೆ, ಮಗಳು ಯಾವಾಗ ಬೆರಳನ್ನು ಬಾಯಿಗೆ ಹಾಕುತ್ತಾಳೆ ಎಂಬುದನ್ನಷ್ಟೇ ಗಮನಿಸಿ. ನನ್ನ ಮಗಳು ಎರಡೇ ಹೊತ್ತಿನಲ್ಲಿ ಚೀಪುತ್ತಿದ್ದಳು. ಸಂಜೆ ಟಿವಿಯ ಮುಂದೆ ಒಂದು ಸಲ, ಮಲಗುವಾಗ ಒಂದು ಸಲ. ಮಲಗುವಾಗ ಬಲಗೈ ಹೆಬ್ಬೆರಳು ಬಾಯಲ್ಲಿ, ಎಡಗೈಯಲ್ಲಿ ನನ್ನ ಸೀರೆಯ ಸೆರಗಿನ ಅಂಚು, ಅದನ್ನು ಎರಡು ಬೆರಳ ನಡುವೆ ಹೊಸೆಯುತ್ತಿರಬೇಕು. ಸಂಜೆಯ ಹೊತ್ತಿನದನ್ನು ಬಿಡಿಸಿದ್ದು ನಾನಲ್ಲ, ಅವರೆಕಾಯಿ. ಜನವರಿಯ ಸೊಗಡವರೆ ಕಾಲದಲ್ಲಿ ಅಜ್ಜಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಕಾಯಿ ಸುಲಿಯಲು, ನೆನೆದ ಕಾಳಿನ ಸಿಪ್ಪೆಯನ್ನು ಚಿಮ್ಮಿಸಿ ಹಿತಕಿದ ಬೇಳೆ ಮಾಡಲು ಹಚ್ಚಿದರು. ಆ ಕೆಲಸಕ್ಕೆ ಎರಡು ಕೈಯೂ ಬೇಕು, ಅದರಲ್ಲೂ ಹೆಬ್ಬೆರಳೇ ಬೇಕು. ಕಾಳು ಪುಳಕ್ಕೆಂದು ಹಾರಿದಾಗಲೆಲ್ಲ ಅವಳು ನಗುತ್ತಿದ್ದಳು, ನಡುನಡುವೆ ಬೆರಳನ್ನು ಬಾಯಿಗಿಡುವ ಬದಲು ಮೂಗಿಗೆ ಹಿಡಿದು ಸೊಗಡನ್ನು ಮೂಸುತ್ತಿದ್ದಳು. ಕಾಲ ಮುಗಿದ ಮೇಲೆ ಬಟಾಣಿ, ಬೆಳ್ಳುಳ್ಳಿ, ಮಣಿ ಪೋಣಿಸುವುದು, ಚಪಾತಿ ಹಿಟ್ಟಿನ ಉಂಡೆ ಎಂದು ಮುಂದುವರಿಸಿದೆವು. ಕೈ ತೆಗೆ, ಕೈ ತೆಗೆ ಎಂದು ಮನೆಮಂದಿಯೆಲ್ಲ ದಿನಕ್ಕೆ ಐವತ್ತು ಸಲ ಹೇಳುವುದನ್ನು ನಿಲ್ಲಿಸಿದ್ದೇ ಅರ್ಧ ಔಷಧಿ ಎಂದು ನನಗೆ ಈಗಲೂ ಅನಿಸುತ್ತದೆ.

ರಾತ್ರಿಯದು ಸುಲಭವಾಗಿರಲಿಲ್ಲ. ಹಳೆಯ ಕಾಟನ್ ಸೀರೆಯೊಂದರ ಅಂಚನ್ನು ಮೊಳದಷ್ಟು ಕತ್ತರಿಸಿ, ಎರಡು ಕೈಗೂ ಸುತ್ತಿಕೊಳ್ಳುವಂತೆ ಕೊಟ್ಟೆ. ನಾಲ್ಕು ವರ್ಷ ತುಂಬಿದ ಮೇಲೆ, ಅವಳೇ ಒಪ್ಪಿಕೊಂಡ ಮೇಲೆ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಚೀಪದೆ ನಿದ್ದೆಹೋದ ರಾತ್ರಿಯ ಚೌಕಕ್ಕೆ ನನ್ನ ಸ್ಟಿಕ್ಕರ್ ಬೊಟ್ಟನ್ನು ಅಂಟಿಸುವ ಅಧಿಕಾರವನ್ನು ಅವಳಿಗೆ ಕೊಟ್ಟೆ. ಚೀಪಿದ ರಾತ್ರಿಗೆ ಏನೂ ಇಲ್ಲ, ಬೈಗುಳವೂ ಇಲ್ಲ. ಏಕಾದಶಿ, ಸಂಕಷ್ಟಿಗಳ ನಡುವೆ ಕೆಂಪು ಬೊಟ್ಟುಗಳು ಹೆಚ್ಚುತ್ತಾ ಹೋದವು. ಒಂದು ಜ್ವರ ಬಂದಾಗ ಹತ್ತು ದಿನ ಪೂರ್ತಿ ಖಾಲಿ. ನಾಲ್ಕು ವರ್ಷ ಎಂಟು ತಿಂಗಳಿಗೆ ಮರೆತೇಬಿಟ್ಟಳು. ಸೀರೆಯ ಅಂಚು ಮಾತ್ರ ಇನ್ನೂ ದಿಂಬಿನ ಕೆಳಗಿದೆ, ಅದರಿಂದ ಯಾರಿಗೂ ತೊಂದರೆಯಿಲ್ಲ.

ತಮ್ಮ ಬಂದ ಮೇಲೆ ಎಲ್ಲವೂ ಹೆಚ್ಚಾಯಿತು ಎಂದಿರಲ್ಲ, ಅದು ಸಹಜ. ಮನೆಯಲ್ಲಿ ಒಬ್ಬನಿಗೆ ಬಾಯಲ್ಲಿ ಹಲ್ಲಿಲ್ಲ, ಮಾತಿಲ್ಲ, ಆದರೂ ಅವನನ್ನೇ ಎಲ್ಲರೂ ಎತ್ತಿಕೊಳ್ಳುತ್ತಾರೆ. ಕೂಸಾದರೆ ಲಾಭವಿದೆ ಎಂಬ ಲೆಕ್ಕಾಚಾರ ಮೂರೂವರೆ ವರ್ಷದ ಮಗುವಿಗೂ ಹೊಳೆಯುತ್ತದೆ. ಅಂಥ ಹೊತ್ತಿನಲ್ಲಿ ನೀನೀಗ ಅಕ್ಕ, ನಾಚಿಕೆಯಾಗುವುದಿಲ್ಲವೇ, ಶೇಮ್ ಶೇಮ್ ಎಂದು ಬಂದವರೆಲ್ಲ ಹೇಳುತ್ತಿದ್ದರೆ ಅಕ್ಕನಾಗುವುದೆಂದರೆ ಬರೀ ಕಳೆದುಕೊಳ್ಳುವುದು ಎಂದೇ ಅವಳು ತಿಳಿಯುತ್ತಾಳೆ. ಅಕ್ಕನಿಗೆ ಮಾತ್ರ ಸಿಗುವಂಥದ್ದೂ ಏನಾದರೂ ಇರಲಿ. ತಮ್ಮ ಮಲಗಿದ ಮೇಲೆ ಕಾಲು ಗಂಟೆ ನಿಮ್ಮ ಜೊತೆ ಅವಳೊಬ್ಬಳೇ, ಅಪ್ಪನ ಜೊತೆ ಹಾಲಿನ ಬೂತಿಗೆ ಹೋಗಿ ಬರುವುದು, ಹೀಗೆ. ಪಾಪುವಿನಂತೆ ಎತ್ತಿಕೋ ಎಂದು ಅವಳು ಕೇಳಿದಾಗ ಎತ್ತಿಕೊಂಡುಬಿಡಿ. ಬೇಡವೆಂದು ವಾದಿಸುವುದಕ್ಕಿಂತ ಅದು ಬೇಗ ಮುಗಿಯುತ್ತದೆ. ತೊದಲು ಮಾತು, ತುತ್ತು ಮಾಡಿ ತಿನ್ನಿಸು ಎಂಬ ಹಠ ಇವೆಲ್ಲ ಶಾಲೆಯಲ್ಲಿ ಸಹಪಾಠಿಗಳನ್ನು ನೋಡಿಯೇ ಹೋಗುತ್ತವೆ, ಅವುಗಳಿಗೆ ಶಕ್ತಿ ವ್ಯಯಿಸಬೇಡಿ.

ಹಾಸಿಗೆಯ ವಿಷಯ. ಐದು ವರ್ಷದವರೆಗೆ ರಾತ್ರಿ ಹಾಸಿಗೆ ಒದ್ದೆಯಾಗುವುದನ್ನು ವೈದ್ಯರು ಕಾಯಿಲೆಯೆಂದು ಎಣಿಸುವುದೇ ಇಲ್ಲ. ನಿದ್ದೆಯಲ್ಲಿ ಮೂತ್ರವನ್ನು ಹಿಡಿದಿಡುವುದು ದೇಹ ಬಲಿತಾಗ ಬರುವ ಸಾಮರ್ಥ್ಯ, ಬೈದರೆ ಬರುವಂಥದ್ದಲ್ಲ. ಅದು ವಂಶದಲ್ಲೂ ಬರುತ್ತದೆ. ನಮ್ಮ ಮಗನನ್ನು ಗದರುತ್ತಿದ್ದ ನನ್ನ ಯಜಮಾನರು, ತಾವು ಏಳು ವರ್ಷದವರೆಗೂ ಹಾಸಿಗೆ ನೆನೆಸಿದ್ದನ್ನು ಅವರ ತಾಯಿ ಎಲ್ಲರೆದುರು ಹೇಳಿದ ದಿನದಿಂದ ಗದರುವುದನ್ನು ನಿಲ್ಲಿಸಿದರು. ಹಾಸಿಗೆಯ ಮೇಲೊಂದು ರಬ್ಬರ್ ಶೀಟು, ಅದರ ಮೇಲೆ ಹಳೆಯ ದುಪ್ಪಟಿ, ಮಲಗುವ ಮೊದಲು ಒಮ್ಮೆ ಮೂತ್ರ, ಇಷ್ಟು ಸಾಕು. ಮಲಬದ್ಧತೆಯಿದ್ದರೆ ಅದನ್ನು ಮೊದಲು ಸರಿಮಾಡಿ, ಏಕೆಂದರೆ ಕಟ್ಟಿಕೊಂಡ ಮಲ ಮೂತ್ರಕೋಶವನ್ನು ಒತ್ತುತ್ತದೆ. ರಾತ್ರಿ ಬಾಟಲಿ ಹೋದ ಮೇಲೆ ಒದ್ದೆಯಾಗುವುದು ತಾನಾಗಿಯೇ ಕಡಿಮೆಯಾಗಬಹುದು, ಅದು ಬಾಟಲಿಯನ್ನು ಮೊದಲು ಬಿಡಿಸಿ ಎಂದು ಹೇಳಲು ಇನ್ನೊಂದು ಕಾರಣ. ಆದರೆ ನಿಂತದ್ದು ಮತ್ತೆ ಶುರುವಾಗಿರುವುದರಿಂದ ಒಮ್ಮೆ ವೈದ್ಯರಿಗೆ ಹೇಳಿ ಮೂತ್ರ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮೂತ್ರ ಮಾಡುವಾಗ ಉರಿ, ಜ್ವರ, ಎಂದಿಲ್ಲದ ಬಾಯಾರಿಕೆ, ತೂಕ ಇಳಿಯುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಅದೇ ದಿನ ಹೋಗಿ.

ಜೂನ್ ಹೊತ್ತಿಗೆ ಬಾಟಲಿಯೊಂದು ಹೋಗಿದ್ದರೆ ಸಾಕು. ಬೆರಳು ಬಾಯಲ್ಲಿಟ್ಟುಕೊಂಡೇ ಅವಳು ಎಲ್‌ಕೆಜಿಗೆ ಹೋದರೆ ಚಿಂತಿಸಬೇಡಿ, ಅಲ್ಲಿನ ಟೀಚರ್ ಅಂಥವರನ್ನು ವರ್ಷಕ್ಕೆ ನಾಲ್ಕೈದು ಮಂದಿಯನ್ನಾದರೂ ನೋಡಿರುತ್ತಾರೆ. ಮೊದಲ ದಿನ ಬ್ಯಾಗಿನಲ್ಲಿ ಒಂದು ಜೊತೆ ಚಡ್ಡಿಯನ್ನು ಹೆಚ್ಚಿಗೆ ಇಟ್ಟಿರಿ.