‘ಬೆಂಕಿ ಆರಿಸುವ ಮದ್ದು’ ಲೇಖನದ ಕುರಿತು

ಮಾನ್ಯರೇ,

ಮಣಿಪಾಲದಿಂದ ನೀವು ನಮ್ಮ ಆರೋಗ್ಯ ಪುಟಕ್ಕೆ ಕಳುಹಿಸಿದ ‘ಬೆಂಕಿ ಆರಿಸುವ ಮದ್ದು’ ಲೇಖನವನ್ನು ಎರಡು ಸಲ ಓದಿದೆ. ಅನ್ನನಾಳ, ಜಠರ, ದೊಡ್ಡಕರುಳಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಮುನ್ನ ಸ್ಟಿರಾಯ್ಡ್ ಕೊಟ್ಟರೆ ಉರಿಯೂತ ತಗ್ಗುತ್ತದೆ, ಆದ್ದರಿಂದ ಎಲ್ಲ ರೋಗಿಗಳಿಗೂ ಕೊಡಬೇಕು ಎಂಬುದು ನಿಮ್ಮ ವಾದ. ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಆ ‘ಆದ್ದರಿಂದ’ ಎಂಬ ಪದವೇ ಅದಕ್ಕೆ ಕಾರಣ.

ಮೊದಲ ಪುಟ ಸೊಗಸಾಗಿದೆ. ಗಾಯಗೊಂಡ ಅಂಗಾಂಶ ಇಂಟರ್‌ಲ್ಯೂಕಿನ್-6ರಂಥ ರಾಸಾಯನಿಕ ಸಂದೇಶಗಳನ್ನು ಹೊರಡಿಸುವುದು, ಅದಕ್ಕೆ ಓಗೊಟ್ಟು ಯಕೃತ್ತು ರಕ್ತದಲ್ಲಿ ಸಿ-ರಿಯಾಕ್ಟಿವ್ ಪ್ರೋಟೀನನ್ನು (ಸಿಆರ್‌ಪಿ) ಹೆಚ್ಚಿಸುವುದು, ಆ ಪ್ರಮಾಣ ಎರಡು ಮೂರು ದಿನಗಳಲ್ಲಿ ತುದಿ ಮುಟ್ಟುವುದು, ಇವೆಲ್ಲ ವೈದ್ಯರಲ್ಲದವರಿಗೂ ತಿಳಿಯುವಂತಿವೆ.

ತೊಡಕು ಎರಡನೆಯ ಪುಟದಲ್ಲಿದೆ. ಸಿಆರ್‌ಪಿ ಇಳಿಯಿತು ಎಂಬುದನ್ನೇ ರೋಗಿ ಚೇತರಿಸಿಕೊಂಡರು ಎಂದು ನೀವು ಓದಿದ್ದೀರಿ. ಮಳೆಗಾಲದಲ್ಲಿ ಬಂಟ್ವಾಳದ ನೇತ್ರಾವತಿಯ ಮಟ್ಟ ನೋಡಿ ತಗ್ಗಿನ ಮನೆಯವರು ಸಾಮಾನು ಎತ್ತಿಡುವಂತೆ, ಶಸ್ತ್ರಚಿಕಿತ್ಸಕರು ಮೂರನೆಯ, ನಾಲ್ಕನೆಯ ದಿನದ ಸಿಆರ್‌ಪಿ ನೋಡುತ್ತಾರೆ. ಅದು ಲೀಟರಿಗೆ 150 ಮಿಲಿಗ್ರಾಂ ದಾಟಿದರೆ ಕತ್ತರಿಸಿ ಹೊಲಿದ ಕರುಳಿನ ಜೋಡಣೆ ಸೋರುತ್ತಿರಬಹುದೇ ಎಂದು ಶಂಕಿಸುತ್ತಾರೆ. ಆ ಅಂಕಿಯನ್ನೇ ತಗ್ಗಿಸುವ ಔಷಧ ಎಚ್ಚರಿಕೆಯನ್ನೂ ಮಸುಕಾಗಿಸಬಹುದು. ಗಾಯ ಮಾಯಲು ಒಂದಿಷ್ಟು ಉರಿಯೂತ ಬೇಕೇ ಬೇಕು ಎಂಬ ಮಾತಂತೂ ನಿಮ್ಮ ಬರಹದಲ್ಲಿ ಎಲ್ಲೂ ಇಲ್ಲ.

ಪ್ರಮಾಣದ ವಿಷಯದಲ್ಲೂ ಗೊಂದಲವಿದೆ. ನೀವು ಉಲ್ಲೇಖಿಸಿದ, 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ‘ಡ್ರೀಮ್ಸ್’ ಅಧ್ಯಯನವು ಕರುಳಿನ ಶಸ್ತ್ರಚಿಕಿತ್ಸೆಗೆ ಒಳಗಾದ 1,350 ಮಂದಿಯದು, ಅವರೆಲ್ಲರೂ ಕ್ಯಾನ್ಸರ್ ರೋಗಿಗಳಲ್ಲ. ಅಲ್ಲಿ ಅರಿವಳಿಕೆಯ ವೇಳೆ ಕೊಟ್ಟದ್ದು ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್, 8 ಮಿಲಿಗ್ರಾಂ. ಮೊದಲ 24 ಗಂಟೆಗಳಲ್ಲಿ ವಾಂತಿ ಕಡಿಮೆಯಾಯಿತು, ತೊಡಕುಗಳು ಹೆಚ್ಚಲಿಲ್ಲ. ಆ 8 ಮಿಲಿಗ್ರಾಂ, ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಇನ್ನೊಂದು ಸ್ಟಿರಾಯ್ಡಿನ ಸುಮಾರು 40 ಮಿಲಿಗ್ರಾಂಗೆ ಸಮ. ಎದೆ, ಹೊಟ್ಟೆ ಎರಡನ್ನೂ ತೆರೆಯುವ ಅನ್ನನಾಳದ ಶಸ್ತ್ರಚಿಕಿತ್ಸೆಗೆ ಜಪಾನಿನ ವೈದ್ಯರು ಪ್ರಯೋಗಿಸಿದ್ದು ಈ ಮೀಥೈಲ್‌ಪ್ರೆಡ್ನಿಸೊಲೋನನ್ನೇ, ಅದೂ ನೂರಾರು ಮಿಲಿಗ್ರಾಂ. ಚಿಕ್ಕ ಪ್ರಮಾಣದ ಸುರಕ್ಷತೆಯನ್ನು ದೊಡ್ಡ ಪ್ರಮಾಣಕ್ಕೆ ಸಾಕ್ಷಿಯಾಗಿ ನಿಲ್ಲಿಸುವುದು ಸಲ್ಲದು. ‘ಕ್ಯಾನ್ಸರ್ ಮರುಕಳಿಸುವುದೂ ತಪ್ಪುತ್ತದೆ’ ಎಂಬ ವಾಕ್ಯವನ್ನು ದಯವಿಟ್ಟು ಹೊಡೆದುಹಾಕಿ. ಅಷ್ಟು ಹೇಳಲು ಪುರಾವೆಯಿಲ್ಲ.

ನಮ್ಮ ಓದುಗರಲ್ಲಿ ಮಧುಮೇಹಿಗಳು ಬಹಳ. ಒಂದೇ ಚುಚ್ಚುಮದ್ದಿನಿಂದಲೂ ರಕ್ತದ ಸಕ್ಕರೆ ಏರಬಹುದೆಂದು ಅವರಿಗೆ ತಿಳಿಸಬೇಕು. ಉಬ್ಬಸಕ್ಕೋ ಸಂಧಿವಾತಕ್ಕೋ ವರ್ಷಗಟ್ಟಲೆ ಸ್ಟಿರಾಯ್ಡ್ ಮಾತ್ರೆ ನುಂಗುತ್ತಿರುವವರು ಶಸ್ತ್ರಚಿಕಿತ್ಸೆ ಹತ್ತಿರ ಬಂತೆಂದು ತಾವಾಗಿಯೇ ಅದನ್ನು ನಿಲ್ಲಿಸಬಾರದು, ಏಕೆಂದರೆ ಅವರ ಅಡ್ರಿನಲ್ ಗ್ರಂಥಿ ದೇಹದ ಸ್ವಂತ ಸ್ಟಿರಾಯ್ಡ್ ಆದ ಕಾರ್ಟಿಸಾಲನ್ನು ತಾನೇ ಬೇಕಾದಷ್ಟು ತಯಾರಿಸುವ ಸ್ಥಿತಿಯಲ್ಲಿ ಇರದಿರಬಹುದು. ನನ್ನ ಮಟ್ಟಿಗೆ ನಿಮ್ಮ ಇಡೀ ವಾದಕ್ಕಿಂತ ಈ ಒಂದು ಪ್ಯಾರಾ ಹೆಚ್ಚು ಉಪಯುಕ್ತವಾದೀತು.

‘ಪ್ರತಿಪ್ರದಾಹಕ’ ಎಂಬ ಪದ ಎಲ್ಲಿ ಸಿಕ್ಕಿತೋ ಕಾಣೆ. ‘ಉರಿಯೂತ ತಗ್ಗಿಸುವ’ ಎಂದರೆ ಸಾಕು. ಶೀರ್ಷಿಕೆ ಬದಲಿಸಿ, ಎರಡನೆಯ ಪುಟವನ್ನು ಹೊಸದಾಗಿ ಬರೆದು ಕಳುಹಿಸಿ. ಮೊದಲ ಪುಟವನ್ನು ಮುಟ್ಟಬೇಡಿ.

ಸಂಪಾದಕ, ಮಂಗಳೂರು