ಸಂಪಾದಕರ ಉತ್ತರ: ಕೋಡ್ ತೆರೆದಿದೆ, ಕಡತ ಯಾಕೆ ಮುಚ್ಚಿದೆ?

ಓದುಗರೊಬ್ಬರ ಪತ್ರದ ಸಾರ: "ಒಂದು ಮುಕ್ತ ತಂತ್ರಾಂಶ (ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್) ಸಂಸ್ಥೆಗೆ ಕೆಲವು ವರ್ಷಗಳಿಂದ ಸದಸ್ಯತ್ವದ ಹಣ ಕಟ್ಟುತ್ತಿದ್ದೇನೆ. ಆಡಳಿತ ಮಂಡಳಿ ಸಭೆಯ ನಡಾವಳಿ ಕೇಳಿದೆ. ಅದು ಆಂತರಿಕ ವಿಷಯ ಅಂದರು. ಚುನಾವಣೆ ಯಾವಾಗ ಅಂತ ವಿಚಾರಿಸಿದರೆ, ನನ್ನಂಥವರಿಗೆ ಮತವೇ ಇಲ್ಲವಂತೆ. ಇಷ್ಟವಾಗದಿದ್ದರೆ ಕೋಡ್ ಫೋರ್ಕ್ ಮಾಡಿಕೊಳ್ಳಿ, ಅಂದರೆ ಅದರ ನಕಲು ತೆಗೆದುಕೊಂಡು ಬೇರೆಯಾಗಿ ನಡೆಸಿಕೊಳ್ಳಿ ಅಂತ ಒಬ್ಬರು ಬುದ್ಧಿ ಹೇಳಿದರು. ಸಾಫ್ಟ್‌ವೇರಿನ ಪ್ರತಿ ಸಾಲನ್ನೂ ತೋರಿಸುವವರಿಗೆ ಸಭೆಯಲ್ಲಿ ಏನಾಯಿತು ಅಂತ ತೋರಿಸಲು ಏನು ಕಷ್ಟ? ಮುಂದಿನ ವರ್ಷ ಹಣ ಕಟ್ಟಲೋ ಬೇಡವೋ?"

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಮೊದಲು ಆ ಫೋರ್ಕ್ ಮಾತನ್ನು ಮುಗಿಸಿಬಿಡೋಣ. ತಕರಾರು ಎತ್ತಿದವರ ಬಾಯಿ ಮುಚ್ಚಿಸಲು ಇದು ತುಂಬಾ ಹಳೇ ಉಪಾಯ. ಲೈಸೆನ್ಸ್ ನಿಮಗೆ ಹಕ್ಕು ಕೊಡುವುದು ಕೋಡಿನ ಮೇಲೆ ಮಾತ್ರ. ಹೆಸರು, ಟ್ರೇಡ್‌ಮಾರ್ಕ್, ಸರ್ವರ್, ಬ್ಯಾಂಕಿನಲ್ಲಿರುವ ದೇಣಿಗೆ ಯಾವುದೂ ನಿಮ್ಮ ಜೊತೆ ಬರಲ್ಲ. 2010ರಲ್ಲಿ ಕಚೇರಿ ಕೆಲಸದ ತಂತ್ರಾಂಶವಾದ ಓಪನ್‌ಆಫೀಸ್ ಬಿಟ್ಟು ಹೊರಬಂದವರು ಲಿಬ್ರೆಆಫೀಸ್ ಅಂತ ಹೊಸ ಹೆಸರಿಟ್ಟುಕೊಂಡೇ ಶುರು ಮಾಡಬೇಕಾಯಿತು. ಹಳೇ ಹೆಸರು ಒರೇಕಲ್ ಕಂಪನಿಯ ಕೈಯಲ್ಲಿತ್ತು. ಅವರು ಗೆದ್ದರು, ನಿಜ. ಆದರೆ ಆ ಕೋಡನ್ನು ಬರೆಯುತ್ತಿದ್ದ ದೊಡ್ಡ ಗುಂಪೇ ಅವರ ಜೊತೆ ಹೊರಟಿತ್ತು. ನಡಾವಳಿ ಕೇಳಿದ ಒಬ್ಬ ಸದಸ್ಯರಿಗೆ ಇದೇ ದಾರಿ ತೋರಿಸುವುದು ಅಂದರೆ ಬಾಗಿಲು ತೋರಿಸಿದ ಹಾಗೇ ಅಲ್ವಾ?

ಹಣ ಕಟ್ಟುವ ಸದಸ್ಯರಿಗೆ ಮತ ಇಲ್ಲದಿರುವುದು ನಿಮ್ಮ ಸಂಸ್ಥೆಯ ಕಥೆ ಮಾತ್ರ ಅಲ್ಲ. 1985ರಲ್ಲಿ ಮುಕ್ತ ತಂತ್ರಾಂಶ ಚಳವಳಿಯ ಜನಕ ರಿಚರ್ಡ್ ಸ್ಟಾಲ್ಮನ್ ಶುರು ಮಾಡಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನಲ್ಲೂ ಹಾಗೇ. ಚಂದಾ ಕಟ್ಟುವ ಸಾಮಾನ್ಯ ಸದಸ್ಯರು ಮಂಡಳಿಯನ್ನು ಆರಿಸುವುದಿಲ್ಲ. 2019ರಲ್ಲಿ ಸ್ಟಾಲ್ಮನ್ ತಮ್ಮ ಮಾತುಗಳು ವಿವಾದವಾದ ಮೇಲೆ ಅಧ್ಯಕ್ಷ ಸ್ಥಾನಕ್ಕೂ ಮಂಡಳಿಗೂ ರಾಜೀನಾಮೆ ಕೊಟ್ಟರು. 2021ರ ಮಾರ್ಚಿನಲ್ಲಿ, ಸಂಸ್ಥೆಯದೇ ಸಮ್ಮೇಳನದಲ್ಲಿ, ತಾನು ಮತ್ತೆ ಮಂಡಳಿಯಲ್ಲಿದ್ದೇನೆ ಅಂತ ಅವರೇ ಹೇಳಿದರು. ಆಮೇಲೆ ಎದ್ದ ಗದ್ದಲ ನಿಮಗೆ ಗೊತ್ತಿರಬಹುದು. ಅವರು ವಾಪಸ್ ಬರಬೇಕಿತ್ತೋ ಬೇಡವೋ ಅನ್ನುವ ಜಗಳದ ಮಧ್ಯೆ ಇನ್ನೊಂದು ಸಣ್ಣ ಪ್ರಶ್ನೆ ಕಳೆದುಹೋಯಿತು: ಇದನ್ನು ತೀರ್ಮಾನಿಸಿದವರು ಯಾರು, ಹೇಗೆ? ಕೊನೆಗೆ ಮಂಡಳಿಯೇ ತನ್ನ ಸದಸ್ಯರ ನೇಮಕದ ವಿಧಾನವನ್ನು ಇನ್ನಷ್ಟು ತೆರೆದಿಡುವುದಾಗಿ ಒಪ್ಪಿಕೊಂಡು, ಸಿಬ್ಬಂದಿಗೂ ಒಂದು ಸ್ಥಾನ ಕೊಟ್ಟಿತು. ಗದ್ದಲ ಆಗದೇ ಇದ್ದಿದ್ದರೆ ಕೊಡುತ್ತಿದ್ದರಾ? ನನಗೆ ಅನುಮಾನ.

ಮತ ಕೊಡದಿರುವುದಕ್ಕೆ ಅವರ ಬಳಿಯೂ ಒಂದು ಕಾರಣ ಇದೆ. ಅದು ಸುಮ್ನೆ ನೆಪ ಅಲ್ಲ. ಹಣ ಕಟ್ಟಿದವರಿಗೆಲ್ಲ ಮತ ಅಂದರೆ, ನಾಳೆ ಒಂದು ದೊಡ್ಡ ಕಂಪನಿ ತನ್ನ ಸಾವಿರ ನೌಕರರ ಹೆಸರಲ್ಲಿ ಹಣ ಕಟ್ಟಿ ಇಡೀ ಮಂಡಳಿಯನ್ನೇ ಹಿಡಿದುಕೊಳ್ಳಬಹುದು. ಆಮೇಲೆ ಸಂಸ್ಥೆ ಹುಟ್ಟಿದ ಉದ್ದೇಶವೇ ಮತಕ್ಕೆ ಬೀಳುತ್ತದೆ. ಭಯ ನಿಜ. ಆದರೆ ಬಾಗಿಲು ಮುಚ್ಚುವುದೊಂದೇ ಅದಕ್ಕೆ ಮದ್ದಲ್ಲ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯವರನ್ನು ನೋಡಿ. 2018ರಲ್ಲಿ ಅದರ ಜನಕ ಗೀಡೋ ವಾನ್ ರಾಸಮ್ ಯಜಮಾನಿಕೆ ಬಿಟ್ಟುಕೊಟ್ಟ ಮೇಲೆ, ಕೋಡ್ ನೋಡಿಕೊಳ್ಳುವವರು ಮತ ಹಾಕಿ ಐದು ಜನರ ಸಮಿತಿ ಆರಿಸಿಕೊಂಡರು. ಒಂದೇ ಕಂಪನಿಯ ನೌಕರರು ಅದರಲ್ಲಿ ಇಬ್ಬರಿಗಿಂತ ಜಾಸ್ತಿ ಇರುವಂತಿಲ್ಲ. ಒಂದು ಸಾಲಿನ ನಿಯಮ, ಅಷ್ಟೇ.

ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಕಟ್ಟುವವರ ದಾರಿ ಇನ್ನೂ ಚೆನ್ನಾಗಿದೆ. ಅಲ್ಲಿ ಮತದ ಹಕ್ಕು ಬರುವುದು ಹಣದಿಂದ ಅಲ್ಲ, ಕೆಲಸದಿಂದ. 1998ರಿಂದ ಅವರಿಗೆ ಬರೆದಿಟ್ಟ ಸಂವಿಧಾನ ಇದೆ. ಪ್ರತಿ ವರ್ಷ ನಾಯಕರ ಚುನಾವಣೆ. ಮತಪತ್ರ ಇಮೇಲಿನಲ್ಲಿ ಬರುತ್ತದೆ. ನಿಮ್ಮ ಇಷ್ಟದ ಕ್ರಮದಲ್ಲಿ ಹೆಸರುಗಳ ಮುಂದೆ 1, 2, 3 ಅಂತ ಬರೆದು, ಡಿಜಿಟಲ್ ಸಹಿ ಹಾಕಿ ವಾಪಸ್ ಕಳಿಸಬೇಕು. ಆ ಪಟ್ಟಿಯಲ್ಲಿ 'ಇವರ‍್ಯಾರೂ ಬೇಡ' ಅನ್ನುವುದೂ ಒಬ್ಬ ಅಭ್ಯರ್ಥಿ! ಅದನ್ನು ಸೋಲಿಸಲು ಆಗದವರು ನಾಯಕರಾಗುವಂತಿಲ್ಲ. ಒಬ್ಬರೇ ಕಣದಲ್ಲಿದ್ದರೂ ಅವಿರೋಧ ಆಯ್ಕೆ ಅಂತ ಹಾರ ಹಾಕಿಸಿಕೊಳ್ಳುವ ಹಾಗಿಲ್ಲ.

ಎಣಿಕೆ ಮುಗಿದ ಮೇಲೆ ಎಲ್ಲ ಮತಗಳ ಪಟ್ಟಿಯನ್ನೂ ಹೊರಗಿಡುತ್ತಾರೆ. ಹೆಸರಿನ ಬದಲು ಒಂದು ಗುಪ್ತ ಸಂಕೇತ ಇರುತ್ತದೆ. ನಿಮ್ಮ ಮತ ಸರಿಯಾಗಿ ಎಣಿಕೆಯಾಗಿದೆಯಾ ಅಂತ ನೀವು ನೋಡಿಕೊಳ್ಳಬಹುದು. ನೀವು ಯಾರಿಗೆ ಹಾಕಿದಿರಿ ಅಂತ ಪಕ್ಕದವರಿಗೆ ಗೊತ್ತಾಗಲ್ಲ. ಮೊದಲು ಈ ಗುಟ್ಟು ನಾಯಕರ ಚುನಾವಣೆಗೆ ಮಾತ್ರ ಇತ್ತು. ಉಳಿದ ನಿರ್ಣಯಗಳಲ್ಲಿ ಯಾರು ಯಾವ ಕಡೆ ಅನ್ನುವುದು ಹೆಸರು ಸಮೇತ ಹೊರಬೀಳುತ್ತಿತ್ತು. 2021ರಲ್ಲಿ, ಸ್ಟಾಲ್ಮನ್ ಮಂಡಳಿಗೆ ವಾಪಸ್ ಬಂದದ್ದರ ಬಗ್ಗೆ ಡೆಬಿಯನ್ ಹೇಳಿಕೆ ಕೊಡಬೇಕಾ ಅಂತ ಮತ ಹಾಕುವಾಗ ಅದರ ಬಿಸಿ ತಟ್ಟಿತು. ಬಹಿರಂಗವಾಗಿ ಮತ ಹಾಕಿದರೆ ಹೊರಗಿನವರು ಕಾಟ ಕೊಡುತ್ತಾರೆ ಅನ್ನುವ ಭಯ ಹಲವರಿಗಿತ್ತು. ಮರುವರ್ಷ ಸಂವಿಧಾನ ತಿದ್ದಿ ಅದನ್ನೂ ಗುಟ್ಟಿನ ಮತದಾನ ಮಾಡಿದರು. ನನ್ನ ಪ್ರಕಾರ ಅದು ಪಾರದರ್ಶಕತೆ ಕಡಿಮೆ ಮಾಡಿದ್ದಲ್ಲ. ಎಣಿಕೆ ಕಾಣಬೇಕು, ಮತ ಹಾಕಿದ ಕೈ ಕಾಣಬೇಕಿಲ್ಲ.

ಇಲ್ಲಿ ಗಮನಿಸಬೇಕಾದ್ದು ಆ ತಿದ್ದುಪಡಿ ಆದ ರೀತಿ. ಡೆಬಿಯನ್ ಸಂವಿಧಾನ ತಿದ್ದಲು ಡೆವಲಪರ್‌ಗಳೇ ಮತ ಹಾಕಬೇಕು, ಅದೂ ವಿರೋಧದ ಮತಗಳ ಮೂರು ಪಟ್ಟಿಗಿಂತ ಜಾಸ್ತಿ ಪರ ಮತ ಬೇಕು. ಬೇರೆ ಕಡೆ ಹೀಗಿಲ್ಲ. ಲಿನಕ್ಸ್ ಬೆಳವಣಿಗೆಗೆ ಬೆಂಬಲ ಕೊಡುವ ಲಿನಕ್ಸ್ ಫೌಂಡೇಶನ್ನಿನಲ್ಲಿ ಬಿಡಿ ಸದಸ್ಯರು (ಕಂಪನಿಗಳಲ್ಲ, ವ್ಯಕ್ತಿಗಳು) ಮಂಡಳಿಗೆ ಪ್ರತಿನಿಧಿಗಳನ್ನು ಆರಿಸುತ್ತಿದ್ದರು. 2016ರಲ್ಲಿ ಬೈಲಾ, ಅಂದರೆ ಸಂಸ್ಥೆಯ ಒಳನಿಯಮ ತಿದ್ದಿದರು, ಆ ಹಕ್ಕು ಹೋಯಿತು. ಯುರೋಪಿನ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನಲ್ಲಿ ಬೆಂಬಲಿಗರು ಆರಿಸಿದ ಪ್ರತಿನಿಧಿಗಳು ಸಾಮಾನ್ಯ ಸಭೆಯಲ್ಲಿ ಕೂರುತ್ತಿದ್ದರು. 2018ರಲ್ಲಿ ಆ ಸಭೆಯೇ ಆ ಸ್ಥಾನಗಳನ್ನು ತೆಗೆದುಹಾಕಿತು. ಎರಡೂ ಕಡೆ ಹಕ್ಕು ಕಳೆದುಕೊಂಡವರ ಒಪ್ಪಿಗೆ ಬೇಕಾಗಿರಲಿಲ್ಲ. ಹಾಗಾಗಿ ನನಗೆ ಯಾವುದಾದರೂ ಸಂಸ್ಥೆಯವರು 'ನಮ್ಮಲ್ಲಿ ಚುನಾವಣೆ ಇದೆ' ಅಂದರೆ ಅಷ್ಟಕ್ಕೇ ಸಮಾಧಾನ ಆಗಲ್ಲ. ಬೈಲಾ ತಿದ್ದುವ ಅಧಿಕಾರ ಯಾರದು ಅಂತ ನೋಡುತ್ತೇನೆ. ಅದು ಮಂಡಳಿಯ ಕೈಯಲ್ಲೇ ಇದ್ದರೆ, ಮತ ಅವರು ಕೊಟ್ಟಿರುವ ಸಾಲ. ಬೇಕಾದಾಗ ವಾಪಸ್ ಕೇಳುತ್ತಾರೆ.

ಇನ್ನು ನೀವು ಕೇಳಿದ ನಡಾವಳಿ. ಎಲ್ಲವನ್ನೂ ಹೊರಗಿಡಿ ಅಂತ ನಾನೂ ಹೇಳಲ್ಲ. ಕಿರುಕುಳದ ದೂರು, ವಕೀಲರ ಸಲಹೆ, ಒಬ್ಬ ನೌಕರರ ಸಮಸ್ಯೆ ಇವೆಲ್ಲ ಒಳಗೇ ಇರಬೇಕು. ಹಲವು ಮುಕ್ತ ತಂತ್ರಾಂಶಗಳನ್ನು ನೋಡಿಕೊಳ್ಳುವ ಅಪಾಚೆ ಫೌಂಡೇಶನ್ನಿನವರು ಮಾಡುವುದು ಇದನ್ನೇ. ತಿಂಗಳ ಸಭೆಯ ನಡಾವಳಿಗೆ ಮಂಡಳಿ ಒಪ್ಪಿಗೆ ಕೊಟ್ಟ ಮೇಲೆ ಪ್ರಕಟಿಸುತ್ತಾರೆ. ಗೋಪ್ಯ ಭಾಗ ಇದ್ದರೆ ಅಷ್ಟನ್ನು ಮಾತ್ರ ತೆಗೆಯುತ್ತಾರೆ. ಎರಡು ಪ್ಯಾರಾ ಗುಟ್ಟು ಅಂತ ಇಡೀ ಪುಸ್ತಕಕ್ಕೇ ಬೀಗ ಹಾಕುವುದು ಸೋಮಾರಿತನ, ಇಲ್ಲವೇ ಇನ್ನೇನೋ.

ನೀವು ಹಣ ಕಟ್ಟುವ ಸಂಸ್ಥೆ ಅಮೆರಿಕದಲ್ಲಿ ನೋಂದಾಯಿತ ಧರ್ಮಾರ್ಥ ಸಂಸ್ಥೆಯಾಗಿದ್ದರೆ ಅವರ ದಯೆಗೆ ಕಾಯಬೇಕಿಲ್ಲ. ತೆರಿಗೆ ಇಲಾಖೆಗೆ ಅವರು ಸಲ್ಲಿಸುವ 990 ನಂಬರಿನ ಫಾರಂ ಕೇಳಿದವರಿಗೆ ಕೊಡಬೇಕು ಅಂತ ಕಾನೂನೇ ಇದೆ. ಆದಾಯ, ಖರ್ಚು, ಮುಖ್ಯಸ್ಥರ ಸಂಬಳ ಎಲ್ಲ ಅದರಲ್ಲಿರುತ್ತದೆ.

ಮುಂದಿನ ವರ್ಷದ ಹಣದ ಬಗ್ಗೆ ಕೇಳಿದ್ದೀರಿ. ಈಗಲೇ ನಿಲ್ಲಿಸಬೇಡಿ. ಸದಸ್ಯರಾಗಿ ಕೇಳುವ ಪ್ರಶ್ನೆಗೆ ಇರುವ ತೂಕ, ಬಿಟ್ಟು ಹೋದವರ ಪ್ರಶ್ನೆಗೆ ಇರಲ್ಲ. ಈ ಸಲ ನಡಾವಳಿ ಬಿಡಿ, ಬೈಲಾದ ಪ್ರತಿ ಕೇಳಿ. ತಿದ್ದುಪಡಿಯ ಕಲಮು ಯಾವುದು, ಮಂಡಳಿಗೆ ಹೊಸಬರನ್ನು ಯಾರು ಆರಿಸುತ್ತಾರೆ, ಒಬ್ಬರು ಎಷ್ಟು ವರ್ಷ ಕೂರಬಹುದು ಅಂತ ಬರವಣಿಗೆಯಲ್ಲೇ ಕೇಳಿ. ಜೊತೆಗೆ ಇನ್ನೂ ನಾಲ್ಕು ಸದಸ್ಯರ ಸಹಿ ಇದ್ದರೆ ಒಳ್ಳೆಯದು. ಇದಕ್ಕೂ ಆಂತರಿಕ ವಿಷಯ ಅನ್ನುವ ಉತ್ತರವೇ ಬಂದರೆ ಹಣ ಕಟ್ಟಬೇಡಿ. ಯಾಕೆ ಕಟ್ಟುತ್ತಿಲ್ಲ ಅಂತ ಅವರಿಗೆ ಒಂದು ಸಾಲು ಬರೆಯಿರಿ. ಉತ್ತರ ಏನೇ ಬಂದರೂ ನಮಗೊಂದು ಪ್ರತಿ ಕಳಿಸಿ.

– ಸಂ.