ಪ್ರಸಂಗ ಮುಗಿದ ಮೇಲಿನ ಕೆಲಸ

ಓದುಗರ ಪತ್ರ:

"ಮಾನ್ಯ ಸಂಪಾದಕರೇ, ನಾನು ಬದಿಯಡ್ಕ ಕಡೆಯವಳು. ಪ್ರಾಯ ಅರುವತ್ತು ದಾಟಿದೆ. ಕಾಯಿಲೆ ಇದ್ದ ದಿನ ಬಿಟ್ಟರೆ ಇಗರ್ಜಿಯ ಆದಿತ್ಯವಾರದ ಪೂಜೆ ತಪ್ಪಿಸಿದವಳಲ್ಲ. ತಪಸ್ಸುಕಾಲದ ಧ್ಯಾನಕೂಟಗಳಿಗೂ ಹೋಗುತ್ತೇನೆ. ಮಗ ಫೋನ್ ಕೊಡಿಸಿದ ಮೇಲೆ ದಿನಕ್ಕೆ ಎರಡು ಮೂರು ಬೈಬಲ್ ಪ್ರಸಂಗ ಕೇಳುತ್ತೇನೆ. ಕನ್ನಡ, ಕೊಂಕಣಿ, ಮಲಯಾಳ ಎಲ್ಲ ಆಗುತ್ತದೆ. ನೋಟ್ ಪುಸ್ತಕದಲ್ಲಿ ಬರೆದಿಡುತ್ತೇನೆ. ಆದರೆ ನನ್ನ ಸಿಟ್ಟು ಹಾಗೇ ಇದೆ. ಆಸ್ತಿ ಪಾಲಾದ ಮೇಲೆ ತಮ್ಮನ ಹತ್ತಿರ ಮಾತಿಲ್ಲ. ಅವನ ಮನೆ ನಮ್ಮ ತೋಟದ ಆಚೆ ಬದಿ. ಅವರು ರಸ್ತೆಗೆ ಹೋಗುತ್ತಿದ್ದ ಕಾಲುದಾರಿಗೆ ಬೇಲಿ ಹಾಕಿಸಿದ್ದೇನೆ. ಜಾಗ ನನ್ನದೇ, ದಾಖಲೆ ಇದೆ. ಮೊನ್ನೆ ಸೊಸೆ, 'ಅತ್ತೆ, ಪ್ರಸಂಗ ಕೇಳಿದ ದಿನವೇ ನಿಮಗೆ ಸಿಟ್ಟು ಜಾಸ್ತಿ' ಅಂದಳು. ತುಂಬಾ ಬೇಜಾರಾಯಿತು. ಇಷ್ಟು ಕೇಳಿಯೂ ನಾನು ಬೆಳೆಯಲಿಲ್ಲವಾ? ರಕ್ಷಣೆ ಸಿಗುವುದು ದೇವರ ಕೃಪೆಯಿಂದ ಅಲ್ವಾ, ಮತ್ತೆ 'ಮಾಡು ಮಾಡು' ಅಂತ ಯಾಕೆ ಹೇಳುತ್ತಾರೆ? ಯಾರ ಪ್ರಸಂಗ ಕೇಳಿದರೆ ಒಳ್ಳೆಯದು? ನಿಮ್ಮ ಪತ್ರಿಕೆಯಲ್ಲಿ ತಿಂಗಳಿಗೊಂದು ಪ್ರಸಂಗ ಹಾಕಬಹುದಲ್ಲ? ನನ್ನ ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ಪ್ರೀತಿಯ ಅಕ್ಕನವರಿಗೆ,

ಇಷ್ಟು ವರ್ಷ ಇಗರ್ಜಿಗೆ ನಡೆದವರು 'ನಾನು ಬೆಳೆಯಲಿಲ್ಲವಾ' ಅಂತ ಕೇಳುವುದು ಸಣ್ಣ ಮಾತಲ್ಲ. ನಿಮ್ಮ ಪತ್ರಕ್ಕೆ ಮೊದಲು ವಂದನೆ. ಈ ಸಂಕಟ ನಿಮ್ಮೊಬ್ಬರದ್ದೇ ಎಂದು ತಿಳಿಯಬೇಡಿ. ನಮ್ಮ ಕಾಸರಗೋಡಿನ ಬೇಳ, ಕಯ್ಯಾರು, ವರ್ಕಾಡಿ, ತಲಪಾಡಿ ಗಡಿಯಾಚೆಯ ಮಂಗಳೂರು, ಎಲ್ಲಿ ನೋಡಿದರೂ ನಮ್ಮ ಜನ ಪ್ರಸಂಗ ಕೇಳುವುದರಲ್ಲಿ ಹಿಂದೆ ಬಿದ್ದವರಲ್ಲ. ಸಂತ ಯಕೋಬರ ಕಾಲದಲ್ಲೂ ಹೀಗೆಯೇ ಇದ್ದಿರಬೇಕು. ವಾಕ್ಯವನ್ನು ಕೇಳಿ ಅದರಂತೆ ನಡೆಯದವರು ತಮಗೆ ತಾವೇ ಮೋಸ ಮಾಡಿಕೊಳ್ಳುತ್ತಾರೆ ಎಂದು ಅವರು ತಮ್ಮ ಪತ್ರದ ಮೊದಲ ಅಧ್ಯಾಯದಲ್ಲೇ ಬರೆದಿದ್ದಾರೆ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಪ್ರಸಂಗ ಕೇಳುವುದನ್ನು ಸ್ವಲ್ಪ ಕಡಿಮೆ ಮಾಡಿ. ಆದಿತ್ಯವಾರದ್ದು ಇರಲಿ. ಫೋನಿನ ಪ್ರಸಂಗಗಳನ್ನು ಒಂದು ತಿಂಗಳು ನಿಲ್ಲಿಸಿ ನೋಡಿ. ಒಳ್ಳೆಯ ಪ್ರಸಂಗ ಕೇಳಿದಾಗ ಮನಸ್ಸು ಕರಗುತ್ತದೆ, ಕಣ್ಣು ಒದ್ದೆಯಾಗುತ್ತದೆ. ಆಗ ಏನೋ ದೊಡ್ಡದನ್ನು ಮಾಡಿ ಮುಗಿಸಿದ ಹಾಗೆ ಒಂದು ನೆಮ್ಮದಿ ಬರುತ್ತದೆ. ಕೆಲಸ ಇನ್ನೂ ಶುರುವೇ ಆಗಿರುವುದಿಲ್ಲ. ಅಷ್ಟರಲ್ಲಿ ಇನ್ನೊಬ್ಬರು ಇನ್ನೊಂದು ವಾಕ್ಯ ಹಿಡಿದು ಮಾತಾಡಲು ಶುರು ಮಾಡುತ್ತಾರೆ. ಬೆಳಿಗ್ಗೆ ಕ್ಷಮೆ, ಮಧ್ಯಾಹ್ನ ವಿಶ್ವಾಸ, ರಾತ್ರಿ ಅಂತ್ಯಕಾಲ. ಯಾವುದಕ್ಕೂ ನಮ್ಮ ಮನೆಯೊಳಗೆ ಕಾಲಿಡಲು ಪುರುಸೊತ್ತು ಸಿಗುವುದಿಲ್ಲ.

ಬೈಬಲಿನ ನೆಹೆಮೀಯನ ಗ್ರಂಥದ ಎಂಟನೇ ಅಧ್ಯಾಯವನ್ನು ಒಮ್ಮೆ ಓದಿ. ಸೆರೆಯಿಂದ ಮರಳಿ ಬಂದ ಜನ ಜೆರುಸಲೇಮಿನ ನೀರುಬಾಗಿಲ ಮುಂದಿನ ಬಯಲಲ್ಲಿ ಸೇರುತ್ತಾರೆ. ಎಜ್ರನು ಮರದ ವೇದಿಕೆ ಹತ್ತಿ ಮುಂಜಾನೆಯಿಂದ ಮಧ್ಯಾಹ್ನದ ತನಕ ಧರ್ಮಶಾಸ್ತ್ರ ಓದುತ್ತಾನೆ. ದೇವಾಲಯದ ಸೇವೆ ಮಾಡುವ ಲೇವಿಯರು ಜನರಿಗೆ ಅರ್ಥ ಬಿಡಿಸಿ ಹೇಳುತ್ತಾರೆ. ಜನ ಗೊಳೋ ಎಂದು ಅಳುತ್ತಾರೆ. ನಮ್ಮಲ್ಲಾದರೆ ಜನ ಅತ್ತರೆ ಪ್ರಸಂಗ ಗೆದ್ದಿತು ಅನ್ನುತ್ತೇವೆ. ಅಲ್ಲಿ ಹಾಗಾಗಲಿಲ್ಲ. ಅಳಬೇಡಿ, ಹೋಗಿ ಊಟ ಮಾಡಿ, ಏನೂ ಇಲ್ಲದವರಿಗೆ ಒಂದು ಪಾಲು ಕಳುಹಿಸಿ ಎಂದು ಹೇಳಿದರು. ಮರುದಿನ ಮನೆಯ ಹಿರಿಯರು ಮತ್ತೆ ಓದಲು ಕೂತರು. ಹಬ್ಬದ ದಿನಗಳಲ್ಲಿ ಚಪ್ಪರದಲ್ಲಿ ವಾಸ ಮಾಡಬೇಕು ಎಂಬ ಮಾತು ಸಿಕ್ಕಿತು. ಯೆಹೋಶುವನ ಕಾಲದ ನಂತರ ಯಾರೂ ಆ ರೀತಿ ಮಾಡಿರಲಿಲ್ಲ. ಆದರೆ ಇವರು ಗುಡ್ಡಕ್ಕೆ ಹೋಗಿ ಸೊಪ್ಪು, ಗರಿ ತಂದು ಮಾಳಿಗೆಯ ಮೇಲೆ, ಅಂಗಳದಲ್ಲಿ ಚಪ್ಪರ ಹಾಕಿದರು. ಕೇಳಿದ ಮಾತು ಕೈಗೆ ಬಂದದ್ದು ಹೀಗೆ. ನಿಮ್ಮ ನೋಟ್ ಪುಸ್ತಕದಲ್ಲಿರುವ ವಾಕ್ಯಗಳಲ್ಲಿ ಒಂದಕ್ಕಾದರೂ ಈ ಭಾಗ್ಯ ಸಿಗಲಿ ಎಂಬುದು ನನ್ನ ಆಸೆ.

ಯಾವುದಕ್ಕೆ ಎಂದು ನೀವೇ ಪತ್ರದಲ್ಲಿ ಬರೆದಿದ್ದೀರಿ. ಬೇಲಿಯ ವಿಷಯ.

ಮತ್ತಾಯನ ಶುಭಸಂದೇಶ, ಅಧ್ಯಾಯ 5, ವಾಕ್ಯ 23 ಮತ್ತು 24. ಕಾಣಿಕೆ ಹಿಡಿದು ಬಲಿಪೀಠದ ಹತ್ತಿರ ಬಂದಾಗ ನಿನ್ನ ಸೋದರನಿಗೆ ನಿನ್ನ ಮೇಲೆ ಮನಸ್ತಾಪ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನೊಡನೆ ರಾಜಿಯಾಗು, ಆಮೇಲೆ ಬಂದು ಅರ್ಪಿಸು. ಇದರಲ್ಲಿ ಎರಡು ಸಂಗತಿ ಗಮನಿಸಿ. ನಿನಗೆ ಅವನ ಮೇಲೆ ಸಿಟ್ಟಿದ್ದರೆ ಅಂತ ಯೇಸುಸ್ವಾಮಿ ಹೇಳಲಿಲ್ಲ. ಅವನಿಗೆ ನಿನ್ನ ಮೇಲೆ ಇದ್ದರೆ ಅಂದರು. ಸರಿ ಯಾರದ್ದು, ತಪ್ಪು ಯಾರದ್ದು ಎಂಬ ಪಂಚಾಯ್ತಿಗೆ ಇಲ್ಲಿ ಜಾಗವೇ ಇಲ್ಲ. ಇನ್ನೊಂದು, ಈ ಮಾತು ಹೇಳಿದ್ದು ಗಲಿಲೇಯದಲ್ಲಿ. ಬಲಿಪೀಠ ಇದ್ದದ್ದು ಜೆರುಸಲೇಮಿನಲ್ಲಿ. ನಡುವೆ ನೂರಕ್ಕೂ ಹೆಚ್ಚು ಕಿಲೋಮೀಟರ್, ನಡೆದರೆ ದಿನಗಟ್ಟಲೆಯ ದಾರಿ. ಅಷ್ಟು ದೂರ ನಡೆದು ಬಂದವನು ಕಾಣಿಕೆ ಅಲ್ಲೇ ಬಿಟ್ಟು, ವಾಪಸು ಊರಿಗೆ ಹೋಗಿ, ರಾಜಿಯಾಗಿ, ಮತ್ತೆ ನಡೆದು ಬರಬೇಕು. ಕೇಳುತ್ತಿದ್ದ ರೈತರು, ಮೀನುಗಾರರು ಗಾಬರಿಯಾಗಿರಬೇಕು. ನಿಮ್ಮ ತಮ್ಮನ ಮನೆ ತೋಟದ ಆಚೆ ಬದಿ ತಾನೆ.

ಹಾಗಂತ ದೊಡ್ಡ ರಾಜಿ ಪಂಚಾಯ್ತಿಗೆ ಹೊರಡಬೇಡಿ. ತಮ್ಮನ ಎದುರು ಕೂತು ಹಳೆ ಪಾಲುಪಟ್ಟಿ ಬಿಚ್ಚಿದರೆ ಜಗಳ ಮತ್ತೆ ಹತ್ತೀತು. ಬೇಲಿಗೆ ಒಂದು ತಡಮೆ ಇಡಿಸಿ. ದನ ಬಾರದ ಹಾಗೆ, ಮನುಷ್ಯರು ದಾಟುವ ಹಾಗೆ. ದಾಖಲೆ ನಿಮ್ಮ ಹೆಸರಲ್ಲೇ ಇರಲಿ, ಅದನ್ನು ಯಾರೂ ಕೇಳುತ್ತಿಲ್ಲ. ಸೊಸೆಯ ಕೈಯಲ್ಲೋ ಮಗನ ಕೈಯಲ್ಲೋ ಒಂದು ಮಾತು ಹೇಳಿ ಕಳುಹಿಸಿ, 'ಮಳೆಗಾಲದಲ್ಲಿ ಸುತ್ತು ಹಾಕುವುದು ಯಾಕೆ, ಈ ದಾರಿಯಲ್ಲೇ ಬರಲಿ' ಅಂತ. ತಮ್ಮ ಬರುತ್ತಾನೋ ಇಲ್ಲವೋ ಅದು ಅವನಿಗೆ ಬಿಟ್ಟದ್ದು. ಮೂರು ತಿಂಗಳು ಯಾರೂ ಆ ತಡಮೆ ದಾಟದಿದ್ದರೂ ಅದನ್ನು ಮುಚ್ಚಬೇಡಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಎಲ್ಲ ಓದುಗರಿಗೂ ಹೇಳಬೇಕು. ಮನೆಯೊಳಗೆ ಹೊಡೆತ ತಿನ್ನುವ ಹೆಂಗಸಿಗೆ 'ಕ್ಷಮಿಸು, ಸಹಿಸಿಕೋ' ಎಂದು ಈ ವಾಕ್ಯ ತೋರಿಸಬಾರದು. ಅವಳಿಗೆ ಮೊದಲು ಬೇಕಾದದ್ದು ಸುರಕ್ಷಿತವಾದ ಜಾಗ. ಯಾರ ಮೇಲೆ ಮನಸ್ತಾಪ ಇದೆಯೋ ಅವನೇ ರಾಜಿಗೆ ಹೊರಡಬೇಕು ಎಂದಲ್ಲವೇ ಈ ವಾಕ್ಯ ಹೇಳುವುದು?

ಕೃಪೆಯ ಪ್ರಶ್ನೆ ಕೇಳಿದ್ದೀರಿ. ಎಫೆಸದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ಸಂತ ಪೌಲರು, ನೀವು ರಕ್ಷಣೆ ಹೊಂದಿದ್ದು ಕೃಪೆಯಿಂದ, ನಿಮ್ಮ ಕೆಲಸದಿಂದಲ್ಲ ಎನ್ನುತ್ತಾರೆ. ಅದು 8 ಮತ್ತು 9ನೇ ವಾಕ್ಯ. ಹೆಚ್ಚಿನವರು ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಹತ್ತನೇ ವಾಕ್ಯದಲ್ಲಿ, ಒಳ್ಳೆಯ ಕೆಲಸ ಮಾಡಲಿಕ್ಕಾಗಿಯೇ ದೇವರು ನಮ್ಮನ್ನು ಉಂಟುಮಾಡಿದರು, ಆ ಕೆಲಸಗಳನ್ನು ಮೊದಲೇ ಸಿದ್ಧಮಾಡಿ ಇಟ್ಟಿದ್ದಾರೆ ಎಂದಿದೆ. ಇದೇ ವಿಷಯಕ್ಕೆ ನಮ್ಮ ಸಭೆಗಳು ನೂರಾರು ವರ್ಷ ಜಗಳ ಆಡಿದವು. 1999ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕಥೋಲಿಕರೂ ಲೂಥರನ್ನರೂ ಒಂದೇ ಹೇಳಿಕೆಗೆ ಸಹಿ ಹಾಕಿದರು. ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ ಮಾತ್ರ, ಆ ಕೃಪೆಯೇ ನಮ್ಮನ್ನು ಒಳ್ಳೆಯ ಕೆಲಸಕ್ಕೆ ಕರೆಯುತ್ತದೆ ಎಂಬುದು ಅದರ ಸಾರ. ತಡಮೆ ಇಟ್ಟರೆ ದೇವರು ನಿಮ್ಮನ್ನು ಜಾಸ್ತಿ ಪ್ರೀತಿಸುತ್ತಾರೆ ಅಂತ ನಾನು ಹೇಳುವುದಿಲ್ಲ. ಈಗಾಗಲೇ ಪ್ರೀತಿಸುತ್ತಿದ್ದಾರೆ. ಅದಕ್ಕೇ ಇಡಲು ಧೈರ್ಯ ಮಾಡಬಹುದು.

ಇನ್ನು ನಿಮ್ಮ ಸೊಸೆಯ ಮಾತು. ಅವಳ ಮೇಲೆ ಮುನಿಸಿಕೊಳ್ಳಬೇಡಿ. ಗಲಾತ್ಯದವರಿಗೆ ಬರೆದ ಪತ್ರದ ಐದನೇ ಅಧ್ಯಾಯದಲ್ಲಿ ಪವಿತ್ರಾತ್ಮರ ಫಲಗಳ ಪಟ್ಟಿ ಇದೆ: ಪ್ರೀತಿ, ಆನಂದ, ಶಾಂತಿ, ಸಹನೆ, ದಯೆ, ಒಳ್ಳೆಯತನ, ನಂಬಿಗಸ್ತಿಕೆ, ಸೌಮ್ಯತೆ, ಸಂಯಮ. ಒಬ್ಬಳೇ ಕೋಣೆಯಲ್ಲಿ ಕೂತಾಗ ಇವು ಇವೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಸಹನೆ ಇದೆಯಾ ಎಂದು ತಿಳಿಯಲು ಸಹನೆ ಕೆಡಿಸುವ ಒಬ್ಬರು ಎದುರಿಗೆ ಬೇಕು. ಆದ್ದರಿಂದ ನಮ್ಮ ಬೆಳವಣಿಗೆ ನಮಗಿಂತ ಮೊದಲು ಅಡುಗೆಮನೆಯಲ್ಲಿ ಜೊತೆಗಿರುವವರಿಗೆ ಗೊತ್ತಾಗುತ್ತದೆ. ಪ್ರಸಂಗ ಕೇಳಿದ ದಿನ ಸಿಟ್ಟು ಯಾಕೆ ಜಾಸ್ತಿ? ನನ್ನ ಊಹೆ ಹೇಳುತ್ತೇನೆ, ನೀವೇ ಪರೀಕ್ಷಿಸಿ. ಕೇಳುವಾಗ ಮನಸ್ಸಿಗೆ ಬರುವ ಮುಖ ಯಾರದ್ದು? 'ಇದು ತಮ್ಮ ಕೇಳಬೇಕಿತ್ತು, ಇದು ಸೊಸೆಗೆ ಹೇಳಿದ ಹಾಗಿದೆ' ಅಂತ ಅನ್ನಿಸುತ್ತಿದ್ದರೆ, ಕೇಳಿ ಎದ್ದಾಗ ನಿಮ್ಮ ಕೈಯಲ್ಲಿ ಅವರ ತಪ್ಪುಗಳ ಪಟ್ಟಿ ಇರುತ್ತದೆ. ಆಮೇಲೆ ಸಿಟ್ಟು ಬಾರದೆ ಇರುವುದು ಹೇಗೆ? ಒಂದು ದಿನ ಬಿಡುವಾಗಿ ಕೂತು ಅವಳನ್ನೇ ಕೇಳಿ: 'ನಾನು ಯಾವ ಒಂದು ಮಾತು ಬಿಟ್ಟರೆ ನಿನಗೆ ಸಮಾಧಾನ?' ಅವಳು ಹೇಳಿದ್ದನ್ನು ಮಾತ್ರ ಹಿಡಿದುಕೊಳ್ಳಿ. ಬೇಗ ಆಗುವ ಕೆಲಸ ಅಲ್ಲ ಇದು. ಎಷ್ಟೋ ಸಭೆಗಳನ್ನು ಕಟ್ಟಿದ ಪೌಲರೇ ಸೆರೆಮನೆಯಿಂದ ಫಿಲಿಪ್ಪಿಯವರಿಗೆ ಬರೆಯುವಾಗ, ನಾನಿನ್ನೂ ಗುರಿ ಮುಟ್ಟಿಲ್ಲ, ಓಡುತ್ತಾ ಇದ್ದೇನೆ ಎಂದರು.

ಯಾರ ಪ್ರಸಂಗ ಕೇಳಬೇಕು? ಹೆಸರು ಹೇಳುವುದಿಲ್ಲ, ಗುರುತು ಹೇಳುತ್ತೇನೆ. ಉದ್ದ ಮುಖ್ಯವಲ್ಲ. ಎಂಟು ನಿಮಿಷಕ್ಕಿಂತ ಜಾಸ್ತಿ ಬೇಡ, ಜನ ನಿದ್ದೆ ಹೋಗುತ್ತಾರೆ ಎಂದು ಪೋಪ್ ಫ್ರಾನ್ಸಿಸ್ 2024ರಲ್ಲಿ ಪಾದ್ರಿಗಳಿಗೆ ಹೇಳಿದ್ದರು. ನಾನು ನೋಡುವುದು ಬೇರೆ. ಪ್ರಸಂಗದಲ್ಲಿ ನಮ್ಮ ಊರು ಬರುತ್ತದೆಯಾ? ಕೂಲಿಯವನ ಸಂಬಳವನ್ನು ಸೂರ್ಯ ಮುಳುಗುವ ಮೊದಲು ಕೊಡಬೇಕು, ಅವನು ನಿನ್ನ ಊರಿಗೆ ಬಂದ ಪರದೇಶಿಯಾಗಿದ್ದರೂ ಸರಿ ಎಂದು ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಹೇಳುತ್ತದೆ. ನಮ್ಮ ಅಡಿಕೆ ತೋಟಗಳಲ್ಲಿ, ಮನೆ ಕಟ್ಟುವಲ್ಲಿ ಈಗ ದುಡಿಯುವವರು ಬಂಗಾಳ, ಅಸ್ಸಾಂ, ಒಡಿಶಾದ ಹುಡುಗರು. ಈ ವಾಕ್ಯ ಹಿಡಿದು ಅವರ ಬಗ್ಗೆ ಮಾತಾಡುವ ಪ್ರಸಂಗ ಅಪರೂಪ. ಯಾಕೋ ಗೊತ್ತಿಲ್ಲ, ಪಾಪ ಅಂದರೆ ನಮಗೆ ಕುಡಿತ ಮತ್ತು ಟಿವಿ ಮಾತ್ರ ನೆನಪಾಗುತ್ತದೆ.

ಎಣ್ಮಕಜೆಯ ಪಡ್ರೆ, ಸ್ವರ್ಗದ ಕಡೆಯ ಮನೆಗಳು ನಿಮಗೆ ಗೊತ್ತಿರಬಹುದು. ಗೇರು ತೋಟಗಳ ಮೇಲೆ ವರ್ಷವರ್ಷವೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ನಿಂತದ್ದು 2000ದಲ್ಲಿ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದನ್ನು ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದು 2017ರ ಜನವರಿಯಲ್ಲಿ ಕೇರಳ ಸರಕಾರಕ್ಕೆ ಆದೇಶಿಸಿತು. ಹಣ ಬೇಕು, ಅದಕ್ಕಾಗಿ ಹೋರಾಟವೂ ಬೇಕು. ಆದರೆ ಹಾಸಿಗೆಯಿಂದ ಏಳಲಾಗದ ದೊಡ್ಡ ಮಗನನ್ನು ನೋಡಿಕೊಳ್ಳುವ ತಾಯಿಗೆ ಮದುವೆಮನೆ ಇಲ್ಲ, ಇಗರ್ಜಿ ಇಲ್ಲ, ದೇವಸ್ಥಾನ ಇಲ್ಲ. ಒಳ್ಳೆಯ ಸಮಾರಿಯದವನ ಕಥೆಯನ್ನು ನಾವು ಎಷ್ಟು ಸಲ ಕೇಳಿಲ್ಲ? ಅವನು ದಾರಿಯಲ್ಲಿ ಬಿದ್ದಿದ್ದವನ ಗಾಯ ಕಟ್ಟಿದ್ದು, ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ, ಅಂದರೆ ಎರಡು ದಿನದ ಕೂಲಿ ಕೊಟ್ಟದ್ದು ಎಲ್ಲರಿಗೂ ನೆನಪಿದೆ. ಜಾಸ್ತಿ ಖರ್ಚಾದರೆ ವಾಪಸು ಬರುವಾಗ ಕೊಡುತ್ತೇನೆ ಎಂದದ್ದು ನೆನಪಿರುವುದಿಲ್ಲ. ಮತ್ತೆ ಬರುತ್ತೇನೆ ಎಂದ ಅವನು. ಕ್ರಿಸ್ಮಸಿಗೆ ಒಮ್ಮೆ ಕೇಕ್ ಕೊಟ್ಟು ಫೋಟೋ ತೆಗೆಸಿಕೊಂಡು ಬಂದರೆ ಸಾಲದು. ವಾರಕ್ಕೆ ಎರಡು ಗಂಟೆ ಆ ಮಗನ ಹತ್ತಿರ ಕೂತು, ತಾಯಿಯನ್ನು ಹೊರಗೆ ಕಳುಹಿಸುವ ಒಬ್ಬರು ಬೇಕು. ಪ್ರಸಂಗ ಮುಗಿಸಿ 'ಈ ವಾರ ಯಾರು ಹೋಗುತ್ತೀರಿ?' ಎಂದು ಕೇಳುವ ಪಾದ್ರಿಗಳು ಸಿಕ್ಕರೆ ಅವರನ್ನು ಬಿಡಬೇಡಿ.

ಇಷ್ಟೆಲ್ಲ ಒಬ್ಬರಿಂದಲೇ ಆಗುವುದು ಕಷ್ಟ. ಮೆಥಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿ ನಮ್ಮ ಸಭೆಯವರಲ್ಲ, ಆದರೂ ಅವರಿಂದ ಕಲಿಯುವುದಿದೆ. ಸಾವಿರಾರು ಜನ ಅವರ ಪ್ರಸಂಗ ಕೇಳಲು ಬಯಲಲ್ಲಿ ಸೇರುತ್ತಿದ್ದರು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಪ್ರಾರ್ಥನಾಮಂದಿರದ ಸಾಲ ತೀರಿಸಲು ಒಂದು ಉಪಾಯ ಮಾಡಿದರು. ಹನ್ನೆರಡು ಜನಕ್ಕೆ ಒಬ್ಬರು ಮುಂದಾಳು, ಅವರು ವಾರವಾರ ಮನೆಗೆ ಹೋಗಿ ಒಬ್ಬೊಬ್ಬರಿಂದ ಒಂದು ಪೆನ್ನಿ ತರಬೇಕು. ಹಣಕ್ಕೆಂದು ಹೋದವರಿಗೆ ಮನೆಯೊಳಗಿನ ಕುಡಿತ, ಜಗಳ, ಬಡತನ ಎಲ್ಲ ಕಾಣಿಸಿತು. ವೆಸ್ಲಿಗೆ ಆಗ ಹೊಳೆಯಿತು. ಅದೇ ಗುಂಪುಗಳು ವಾರಕ್ಕೊಮ್ಮೆ ಕೂತು ಒಬ್ಬರನ್ನೊಬ್ಬರು ವಿಚಾರಿಸುವ ಕೂಟಗಳಾದವು. ನಮ್ಮ ವಾಳೆಗಳಲ್ಲಿ, ಅಂದರೆ ಇಗರ್ಜಿಯ ವಾರ್ಡುಗಳಲ್ಲಿ, ಮುಂದಾಳುಗಳಾದ ಗುರಿಕಾರರು ವಂತಿಗೆಗೆ ಮನೆಮನೆಗೆ ಬರುತ್ತಾರಲ್ಲ, ರಸೀದಿ ಕೊಟ್ಟು ಹೋಗುವ ಬದಲು ಹತ್ತು ನಿಮಿಷ ಕೂತರೆ ಸಾಕು. ನೀವೂ ಅಷ್ಟೇ, ನಂಬಿಕೆಯ ಒಬ್ಬ ಗೆಳತಿಗೆ ಬೇಲಿಯ ವಿಷಯ ಹೇಳಿಡಿ. 'ತಡಮೆ ಇಟ್ಟಾಯಿತಾ?' ಎಂದು ಅವರು ಕೇಳುತ್ತಿರಲಿ.

ತಿಂಗಳಿಗೊಂದು ಪ್ರಸಂಗ ಅಚ್ಚು ಹಾಕುವ ವಿಷಯ. ಬೇಡ ಎಂದು ನನ್ನ ತೀರ್ಮಾನ, ಕಾರಣ ಮೇಲೆಯೇ ಹೇಳಿದ್ದೇನೆ. ಅದರ ಬದಲು ಮುಂದಿನ ಸಂಚಿಕೆಯಿಂದ ಒಂದು ವಾಕ್ಯ, ಅದರ ಕೆಳಗೆ ಒಂದು ಪ್ರಶ್ನೆ, ಆಮೇಲೆ ಬರೆಯಲು ಖಾಲಿ ಜಾಗ ಕೊಡುತ್ತೇವೆ. ಅಲ್ಲಿಯ ತನಕ ಮತ್ತಾಯನ 5, 6, 7ನೇ ಅಧ್ಯಾಯಗಳನ್ನು ಓದಿ. ಬೆಟ್ಟದ ಮೇಲಿನ ಪ್ರಸಂಗ, ಒಟ್ಟು 111 ವಾಕ್ಯ. ಜೋರಾಗಿ ಓದಿದರೂ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಮೊಮ್ಮಕ್ಕಳು ಇದ್ದರೆ ಹತ್ತಿರ ಕೂರಿಸಿಕೊಳ್ಳಿ. ಇಲ್ಲಿ ಎಷ್ಟೋ ಮಕ್ಕಳು ಇಂಗ್ಲಿಷ್ ಅಥವಾ ಮಲಯಾಳ ಶಾಲೆಗೆ ಹೋಗುವುದರಿಂದ ಕನ್ನಡ ಅಕ್ಷರ ಬಾರದಿರಬಹುದು, ಕೇಳಿದರೆ ಚೆನ್ನಾಗಿ ಅರ್ಥವಾಗುತ್ತದೆ. ಮಧ್ಯದಲ್ಲಿ ಅವರು ಪ್ರಶ್ನೆ ಕೇಳಿದರೆ ಓದುವುದನ್ನು ನಿಲ್ಲಿಸಿ ಉತ್ತರ ಹೇಳಿ. ಅಧ್ಯಾಯ ಮುಗಿಯದಿದ್ದರೂ ಪರವಾಗಿಲ್ಲ, ಮರುದಿನ ಅಲ್ಲಿಂದಲೇ ಶುರು ಮಾಡಿ.

ನಿಮ್ಮ ಸಂಪಾದಕ